ನೀರು ಒಗ್ಗಿದ ಮೇಲೆ

‘ಒಗ್ಗುತ್ತದೆ’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೋ, ವರ್ಗವಾಗಿ ಬಂದ ಗುಮಾಸ್ತರ ಹೆಂಡತಿಗೋ ಯಾರಾದರೂ ‘ಸ್ವಲ್ಪ ದಿನ ಅಷ್ಟ, ಆಮೇಲೆ ಒಗ್ಗತದ ಬಿಡ್ರಿ’ ಎಂದು ಸಮಾಧಾನ ಹೇಳತೊಡಗಿದರೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ. ಮನೆಯವರು ಇದನ್ನು ನನ್ನ ಮುಂಗೋಪಕ್ಕೆ ಹಚ್ಚುತ್ತಾರೆ. ಮುಂಗೋಪ ಇರುವುದು ನಿಜ, ಅದು ಅಪ್ಪನ ಆಸ್ತಿ. ಆದರೆ ಈ ಒಂದು ಮಾತಿನ ಮೇಲಿನ ಸಿಟ್ಟು ಅಮ್ಮನದು. ಅವಳು ಅದನ್ನು ಒಂದು ದಿನವೂ ತೋರಿಸಲಿಲ್ಲ, ಹಾಗಾಗಿ ಅವಳ ಪಾಲಿನದನ್ನೂ ನಾನೇ ತೋರಿಸುತ್ತಿದ್ದೇನೆ.

ಅಮ್ಮ ಕಂಪ್ಲಿಯವಳು. ತವರುಮನೆ ಹೊಳೆಯ ದಂಡೆಗೇ ಇತ್ತು. ಹಿತ್ತಲ ಬಾಗಿಲು ತೆರೆದರೆ ಮೆಟ್ಟಿಲು, ಮೆಟ್ಟಿಲು ಇಳಿದರೆ ತುಂಗಭದ್ರೆ. ನಮ್ಮ ವೈಷ್ಣವರ ಮನೆಗಳಲ್ಲಿ ಹೆಂಗಸರು ಹೊಳೆಯಲ್ಲಿ ಮುಳುಗು ಹಾಕುತ್ತಿದ್ದರು, ಈಜುತ್ತಿರಲಿಲ್ಲ. ಈಜಬಾರದು ಎಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ, ಆದರೂ ಯಾರೂ ಈಜುತ್ತಿರಲಿಲ್ಲ. ಅಮ್ಮ ಮಾತ್ರ ಚಿಕ್ಕಂದಿನಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಅಣ್ಣನ ಜೊತೆ ಕಲಿತುಬಿಟ್ಟಿದ್ದಳು. ಮದುವೆಯಾಗಿ ನಾನು ಹುಟ್ಟಿದ ಮೇಲೂ ಹಬ್ಬಕ್ಕೆಂದು ತವರಿಗೆ ಹೋದರೆ ಕಚ್ಚೆ ಬಿಗಿದು ನೀರಿಗೆ ಬಿದ್ದು ನಡುಹೊಳೆಯ ಬಂಡೆಯವರೆಗೆ ಹೋಗಿ, ಅದರ ಮೇಲೆ ಕೂತು ಕೂದಲು ಒಣಗಿಸಿಕೊಂಡು ವಾಪಸು ಬರುತ್ತಿದ್ದಳು. ಅಜ್ಜಿ ದಂಡೆಯ ಮೇಲೆ ನಿಂತು, ಮಗಳ ತಾಯಿಯಾದವಳಿಗೆ ಇದೇನು ಹುಡುಗಾಟ ಎಂದು ಬೈಯುತ್ತಿದ್ದಳು. ಅಮ್ಮ ಆ ಬಂಡೆಯ ಮೇಲಿಂದ ನಗುತ್ತಿದ್ದಳು. ನೀರಿನ ಮೇಲೆ ಹಾಯ್ದು ಬರುತ್ತಿದ್ದ ಆ ದೊಡ್ಡ ನಗೆ ನನಗೆ ಚೆನ್ನಾಗಿ ನೆನಪಿದೆ. “ಇನ್ನೊಂದೀಟು ದೊಡ್ಡಾಕಿ ಆಗು, ನಿನ್ನೂ ಆ ಬಂಡಿಗೆ ಕರ್ಕೊಂಡು ಹೋಗ್ತೀನಿ,” ಎಂದು ನನಗೆ ಹೇಳುತ್ತಿದ್ದಳು. ದೊಡ್ಡವಳಾಗಲು ನಾನು ಆಗ ಪಟ್ಟ ಅವಸರವನ್ನು ಮತ್ತೆ ಯಾವುದಕ್ಕೂ ಪಡಲಿಲ್ಲ.

ಅಪ್ಪ ಹೊಸಪೇಟೆಯಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತಿಕೆ ಮಾಡುತ್ತಿದ್ದರು. ನಾನು ಏಳೆಂಟು ವರ್ಷದವಳಿರುವಾಗ ಅದನ್ನು ಬಿಟ್ಟು ಸಂಡೂರಿನ ಗುಡ್ಡದ ಮೇಲೆ ಮ್ಯಾಂಗನೀಸ್ ಅದಿರು ತೆಗೆಯುವ ಕ್ಯಾಂಪಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. “ಎರಡು ವರ್ಷ. ಅಷ್ಟರಾಗ ನಾಕು ಕಾಸು ಕೂಡಿಸಿ ಕೆಳಗ ಇಳಿದುಬಿಡೋಣು,” ಎಂದು ಅಮ್ಮನಿಗೆ ಮಾತು ಕೊಟ್ಟರು. ಅಮ್ಮ ಮೊದಲು ಕೇಳಿದ್ದು, ಅಲ್ಲಿ ಹೊಳೆ ಎಷ್ಟು ದೂರ ಎಂದು. ಅಪ್ಪ ನಕ್ಕರು.

ಗುಡ್ಡದ ಮೇಲೆ ಹೊಳೆ ಇರಲಿಲ್ಲ, ಬಾವಿಯೂ ಇರಲಿಲ್ಲ. ಕೂಲಿಜನಕ್ಕೆ ಎತ್ತಿನ ಮೇಲೆ ತೊಗಲಿನ ಚೀಲದಲ್ಲಿ ನೀರು ಬರುತ್ತಿತ್ತು. ತೊಗಲಿನ ನೀರು ನಮ್ಮ ಮಡಿಗೆ ಆಗದು. ನಮಗಿದ್ದದ್ದು ಕಣಿವೆಯ ಕೆಳಗಿನ ಒಂದು ಒರತೆ. ಮಳೆಗಾಲ ಮುಗಿದ ಮೇಲೆ ಅದರಲ್ಲಿ ನೀರು ನಿಲ್ಲುತ್ತಿರಲಿಲ್ಲ, ಬರೀ ಜಿನುಗುತ್ತಿತ್ತು. ತೆಂಗಿನ ಚಿಪ್ಪಿನಿಂದ ತೋಡಿ ತೋಡಿ, ಕೊಡ ತುಂಬಿಸಿ, ಒದ್ದೆ ಸೀರೆಯಲ್ಲಿ ಮೇಲೆ ಹತ್ತಿ ಬರಬೇಕು. ಮನೆಗೆ ಬರುವಷ್ಟರಲ್ಲಿ ಸೀರೆ ಒಣಗಿ ಗರಿಗರಿಯಾಗಿರುತ್ತಿತ್ತು. ಕೆಳಗಿಟ್ಟ ಕೊಡದ ಮೇಲೆ, ಹಾಸಿಗೆಯ ಮೇಲೆ, ದೇವರ ಮೇಲೆ ಕೆಂಪುದೂಳಿ, ಗಾಳಿ ತಿರುಗಿದರೆ ಕರಿದೂಳಿ. ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಕೂತರೆ ತಲೆ ಸಿಡಿಯುತ್ತಿತ್ತು, ಹೊರಗೆ ಬಂದರೆ ಬಂಡೆಗಳು ಉಸಿರು ಬಿಡುತ್ತಿದ್ದವು.

ಮೊದಲ ಸಲ ನಮ್ಮನ್ನು ಗಾಡಿಯಲ್ಲಿ ಬಿಟ್ಟುಹೋಗಲು ಬಂದವನು ಸೋದರಮಾವ, ಅಂದರೆ ಅಮ್ಮನಿಗೆ ಈಜು ಕಲಿಸಿದ ಅಣ್ಣ. ಅವನ ಕೈಯಲ್ಲಿ ಅಜ್ಜಿ ಬಾಯಿಗೆ ಬಟ್ಟೆ ಕಟ್ಟಿದ ತಾಮ್ರದ ಕೊಡಗಳಲ್ಲಿ ಹೊಳೆಯ ನೀರು ಕಳಿಸಿದ್ದಳು. ಊರು ಬಿಟ್ಟು ಊರಿಗೆ ಹೋದ ಹೆಣ್ಣಿಗೆ ನೀರು ಒಗ್ಗಿಸುವ ಪದ್ಧತಿ ಅದು. ಮೊದಮೊದಲು ಬರೀ ಹೊಳೆಯ ನೀರು ಕುಡಿಯಬೇಕು. ಆಮೇಲೆ ಅದಕ್ಕೆ ಹೊಸ ಊರಿನ ನೀರು ಒಂದು ಬಟ್ಟಲು ಬೆರೆಸಬೇಕು, ಆಮೇಲೆ ಅರ್ಧಕ್ಕರ್ಧ, ಆಮೇಲೆ ಹೊಸ ನೀರೇ ಹೆಚ್ಚು. ಕೊನೆಗೆ ತವರಿನ ನೀರು ಒಂದು ಉದ್ಧರಣೆಯಷ್ಟು, ಪೂಜೆಯ ಚಮಚೆಯಷ್ಟು, ಉಳಿದಾಗ ಅದನ್ನು ದೇವರ ಮುಂದಿಟ್ಟು ತೀರ್ಥದ ಹಾಗೆ ಕುಡಿದುಬಿಟ್ಟರೆ, ಮರುದಿನದಿಂದ ಹೊಟ್ಟೆ ಹೊಸ ನೀರನ್ನು ತನ್ನದು ಎನ್ನುತ್ತದೆ. ಒಂದು ಕಟ್ಟುಪಾಡು ಮಾತ್ರ ಇತ್ತು: ಒಗ್ಗಿದ ಮೇಲೆ ನಡುವೆ ಹಳೆಯ ನೀರು ಕುಡಿಯಕೂಡದು. ಕುಡಿದರೆ ಒಗ್ಗಿದ್ದು ‘ಮುರಿಯುತ್ತದೆ’, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಾಗೆ ಮುರಿದ ನೀರು ಎರಡನೆಯ ಸಲ ಸುಲಭವಾಗಿ ಒಗ್ಗದು ಎಂದು ಅಜ್ಜಿ ನಂಬಿದ್ದಳು.

ಅಮ್ಮ ಅಷ್ಟನ್ನೂ ಪಾಲಿಸಿದಳು. ಕೊನೆಯ ಉದ್ಧರಣೆ ಕುಡಿದ ದಿನ ಅಪ್ಪ ಹಯಗ್ರೀವ ಮಾಡಿಸಿ ನೈವೇದ್ಯ ಇಟ್ಟರು. ಕಡಲೆಬೇಳೆ, ಬೆಲ್ಲ, ಕೊಬ್ಬರಿ ಎಲ್ಲ ಸಂಡೂರ ಸಂತೆಯಿಂದ ತಂದದ್ದು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಅಮ್ಮ ಒಂದು ತುತ್ತು ಬಾಯಿಗೆ ಹಾಕಿಕೊಂಡು, “ನೀರಿಗೆ ಕಬ್ಬಿಣದ ವಾಸನಿ ಹೊಡಿತದ್ರೀ,” ಎಂದಳು. “ಒಗ್ಗತದ,” ಎಂದರು ಅಪ್ಪ.

ಅಪ್ಪನ ವಿಷಯದಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅವರನ್ನು ಕಲ್ಲುಹೃದಯದವರೆಂದು ತಿಳಿದೀರಿ. ಕಲ್ಲು ಅಲ್ಲ, ಮಗುವಿನಂಥ ಮನುಷ್ಯ. ಗುಡ್ಡದ ಮೇಲೆ ಬಂದದ್ದೇ ಅವರಿಗೆ ಹೊಸ ಕಣ್ಣು ಬಂದ ಹಾಗಾಯಿತು. ಲೆಕ್ಕದ ಕೋಣೆಯ ಬಾಗಿಲು ಹಾಕಿ ಬಂದವರೇ ನನ್ನನ್ನು ಕರೆದುಕೊಂಡು ಬಂಡೆಗಳ ನಡುವೆ ಅಲೆಯುತ್ತಿದ್ದರು. ಇಂಥ ಉರಿಯಲ್ಲಿ ಜೀವಗಳು ಹೇಗೆ ಬದುಕುತ್ತವೆ ಎಂಬುದೇ ಅವರಿಗೆ ದಿನವೂ ಬೆರಗು. ಕಾದ ಬಂಡೆಯ ಮೇಲೆ ಓತಿಕ್ಯಾತ ಒಂದು ಕಾಲೂರಿ ಇನ್ನೊಂದು ಎತ್ತುವುದನ್ನು ತೋರಿಸುತ್ತಿದ್ದರು. ಬೇಸಿಗೆ ಬರುತ್ತಲೇ ಎಲೆಯನ್ನೆಲ್ಲ ಕಳಚಿಹಾಕಿ ಬೋಳು ನಿಲ್ಲುವ ಮರಗಳನ್ನು ಮುಟ್ಟಿ, “ಸತ್ತಾವ ಅಂದುಕೊಂಡಿ? ಖರ್ಚು ಕಡಿಮಿ ಮಾಡ್ಯಾವ,” ಎನ್ನುತ್ತಿದ್ದರು. ಕಳ್ಳಿಗೆ ಎಲೆ ಇಟ್ಟುಕೊಳ್ಳುವ ಐಶ್ವರ್ಯ ಇಲ್ಲ, ಅದಕ್ಕೆ ಮುಳ್ಳೇ ಸಾಕು. ದರೋಜಿಯ ಕಡೆಯ ಗುಡ್ಡದ ಕರಡಿ ಹಗಲೆಲ್ಲ ಗವಿಯ ತಂಪಿನಲ್ಲಿ ಬಿದ್ದುಕೊಂಡು ಸಂಜೆ ಹೊರಬಿದ್ದು ಹುತ್ತ ಬಗೆಯುತ್ತದೆ. ಇದನ್ನೆಲ್ಲ ಊಟಕ್ಕೆ ಕೂತಾಗ ಅಮ್ಮನಿಗೂ ಹೇಳುತ್ತಿದ್ದರು. ಕೊನೆಗೆ ಮಾತು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನನಗೂ ಗೊತ್ತು, ಅಮ್ಮನಿಗೂ ಗೊತ್ತು. “ನೋಡು, ಅವೆಲ್ಲಾ ಒಗ್ಗಿಲ್ಲೇನು?”

ಒಂದು ಸಲ ಗುಂಡಿ ತೋಡುತ್ತಿದ್ದವರಿಗೆ ಗಟ್ಟಿ ಮಣ್ಣಿನ ಒಳಗೆ ಒಂದು ಕಪ್ಪೆ ಸಿಕ್ಕಿತು. ಹುಣಸೆಹಣ್ಣಿನ ಉಂಡೆಯ ಹಾಗೆ ಮುದುರಿಕೊಂಡಿತ್ತು, ಅಲುಗಾಟವಿಲ್ಲ. ಅಪ್ಪ ಅದನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಮನೆಗೆ ತಂದರು. ಅಡುಗೆಮನೆಯ ಹೊಸ್ತಿಲು ದಾಟಿಸಬ್ಯಾಡ್ರಿ ಎಂದು ಅಮ್ಮ ಅಡ್ಡ ನಿಂತಳು. ಹೊರಗೇ ಒಂದು ಮಡಕೆಯ ಚೂರಿನಲ್ಲಿ ಇಟ್ಟು ಅದರ ಮೇಲೆ ನೀರು ಚಿಮುಕಿಸಿದರು. ಮೊದಲು ಗಂಟಲು ಮಿಡಿಯಿತು, ಆಮೇಲೆ ಒಂದು ಕಣ್ಣು ತೆರೆಯಿತು. ಸ್ವಲ್ಪ ಹೊತ್ತಿಗೆ ಆ ಉಂಡೆ ಕಪ್ಪೆಯಾಗಿ ಜಿಗಿದು ಹೋಯಿತು. ಅಪ್ಪ ಚಪ್ಪಾಳೆ ತಟ್ಟಿದರು. “ಹೋದ ಮಳಿಗಾಲದಿಂದ ಹಂಗ ಇತ್ತು ನೋಡು. ಅನ್ನ ಇಲ್ಲ, ನೀರಿಲ್ಲ. ಏನೂ ಆಗಿಲ್ಲ ಅದಕ್ಕ.”

ಅಮ್ಮ ಕಪ್ಪೆ ಹೋದ ದಿಕ್ಕನ್ನೇ ನೋಡುತ್ತಿದ್ದಳು. “ಏನೂ ಆಗಿಲ್ಲ ಅಂತ ಅದು ನಿಮಗ ಹೇಳಿತೇನ್ರಿ?” ಎಂದಳು. ಆಗಿನ್ನೂ ಅವಳಿಗೆ ಬಾಯಿ ಇತ್ತು.

ಆ ಬಾಯಿ ಯಾವಾಗ ಹೋಯಿತು ಎಂದು ನನಗೆ ಹೇಳಲು ಬರುವುದಿಲ್ಲ. ಒಂದೇ ದಿನ ಹೋಗಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಮೊದಲು ಸ್ನಾನದ ನೀರು ಕಡಿಮೆಯಾಯಿತು, ಕೊಡದಿಂದ ಚೊಂಬಿಗೆ ಇಳಿಯಿತು. ಮೊಣಕಾಲಿನವರೆಗೆ ಬರುತ್ತಿದ್ದ ಕೂದಲನ್ನು ಎರೆದುಕೊಳ್ಳಲು ನೀರು ಸಾಲದೆಂದು ಗಂಟು ಹಾಕಿ ಬಿಗಿದುಬಿಟ್ಟಳು. ಎಣ್ಣೆಸ್ನಾನ ಹಬ್ಬಕ್ಕೊಂದು ಎಂದಾಯಿತು. ಅಕ್ಕಿ ತೊಳೆದ ನೀರಲ್ಲಿ ಬೇಳೆ, ಬೇಳೆ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆಯ ನೀರು ಬದನೆಗಿಡಕ್ಕೆ. ಮಧ್ಯಾಹ್ನ ಮಾತಾಡಿದರೆ ಬಾಯಾರಿಕೆಯಾಗುತ್ತದೆಂದು ಮಾತು ನಿಲ್ಲಿಸಿದಳು, ಹಾಡು ಅದಕ್ಕೂ ಮೊದಲೇ ನಿಂತಿತ್ತು. ಊಟ ಇಳಿಯಿತು. ನಡಿಗೆ ನಿಧಾನವಾಯಿತು. ದೊಡ್ಡದಾಗಿ ನಗುವವಳು ಮುಗುಳ್ನಗತೊಡಗಿದಳು. ಹೊಳೆಯ ಮಾತು ತೆಗೆಯುವುದನ್ನು ಬಿಟ್ಟಳು. ನಾನು ತೆಗೆದರೆ, “ಹೂಂ, ಹೋಗೋಣಂತ,” ಎನ್ನುವಳು, ಬೇರೆ ಯಾರದೋ ಊರಿನ ವಿಷಯ ಕೇಳಿದವಳ ಹಾಗೆ.

ಇದೆಲ್ಲ ನಮಗೆ ಗೆಲುವಾಗಿ ಕಂಡಿತು. ಕ್ಯಾಂಪಿಗೆ ಬೇರೆ ಗುಮಾಸ್ತರು ಹೆಂಡಿರ ಸಮೇತ ಬಂದು, ಒಂದು ಬೇಸಿಗೆ ಕಂಡು, ಗಾಡಿ ಹೂಡಿಸಿಕೊಂಡು ಇಳಿದು ಹೋಗುತ್ತಿದ್ದರು. ಅಂಥವರಿಗೆ ಅಪ್ಪ ಅಮ್ಮನನ್ನು ತೋರಿಸುತ್ತಿದ್ದರು. “ನಮ್ಮಾಕಿ ಕಂಪ್ಲಿಯಾಕಿ, ಹೊಳಿಯಾಗ ಹುಟ್ಟಿದಂಥಾಕಿ. ಈಗ ನೋಡ್ರಿ, ಹ್ಯಾಂಗ ಒಗ್ಗ್ಯಾಳ.” ಬಂದ ಹೆಂಗಸರು ಅಮ್ಮನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಅಮ್ಮ ಅವರಿಗೆ ಅರ್ಧ ಲೋಟ ಮಜ್ಜಿಗೆ ಕೊಡುತ್ತಿದ್ದಳು. ಪೂರ್ತಿ ಲೋಟ ಕೊಡುವ ರೂಢಿ ಅವಳಿಗೆ ತಪ್ಪಿಯೇ ಹೋಗಿತ್ತು.

ಎರಡು ವರ್ಷ ಮುಗಿದವು, ಆಮೇಲೆ ಇನ್ನೂ ಎರಡು. ಮಾವನ ಮಗನಿಗೆ ಮುಂಜಿ ಎಂದು ಕರೆಯಲು ಮಾವ ಗುಡ್ಡ ಹತ್ತಿ ಬಂದ. ಅವನ ಗಾಡಿಯಲ್ಲೇ ಹೋಗಿಬಿಡುತ್ತೇವೆ ಎಂದು ನಾನು ಬಟ್ಟೆ ಮಡಚತೊಡಗಿದೆ. ಅಪ್ಪ ಗಂಭೀರರಾಗಿ, “ಕಳಿಸೋದಕ್ಕ ನನಗೇನು? ಆದರ ನೀರು ಈಗ ಒಗ್ಗ್ಯದ. ಅಲ್ಲಿಗೆ ಹೋಗಿ ಆ ನೀರು ಕುಡಿದು ಬಂದರ ಮತ್ತ ಮುರೀತದ. ತಿರುಗಿ ಮೊದಲಿಂದ ಒಗ್ಗಸೋದು ಅಂದರ ಈ ಜೀವ ತಡಕೊಳ್ತದೇನು?” ಎಂದರು. ಮಾವ ಜಗಳವಾಡುತ್ತಾನೆ ಎಂದು ಅವನ ಮುಖ ನೋಡಿದೆ. ಅವನು ತಲೆ ತಗ್ಗಿಸಿದ. “ಅವ್ವನೂ ಅದನ್ನ ಹೇಳಿ ಕಳಿಸ್ಯಾಳ. ಬಂದರ ಸಂತೋಷ, ಆದರ ನೀರು ಮುರಿಯೋ ಹಂಗಿದ್ರ ಬ್ಯಾಡ ಅಂದಾಳ.”

ಅಜ್ಜಿ ಇದನ್ನು ಅಳುತ್ತಲೇ ಹೇಳಿರಬೇಕು. ಮಗಳು ಬದುಕಿರಲಿ ಎಂದು ಮಗಳಿಗೇ ಬರಬೇಡ ಎಂದಳು. ಅಪ್ಪನೂ ಹೆಂಡತಿ ಬದುಕಿರಲಿ ಎಂದೇ ಕಳಿಸಲಿಲ್ಲ. ಇಬ್ಬರಲ್ಲಿ ಯಾರ ಮೇಲೆ ಸಿಟ್ಟು ಮಾಡಲಿ? ಅದಕ್ಕೇ ನನ್ನ ಸಿಟ್ಟೆಲ್ಲ ಆ ಒಂದು ಶಬ್ದದ ಮೇಲೆ ಕೂತಿದೆ. ಅಂದು ಅಮ್ಮ, ನಾನು ಮಡಚಿಟ್ಟ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಗೂಟಕ್ಕೆ ಹಾಕಿದಳು. ಮುಂದಿನ ಕರೆಗಳಿಗೆಲ್ಲ ಅದೇ ಉತ್ತರ ಆಯಿತು. ಆಮೇಲಾಮೇಲೆ ಅಪ್ಪ ಹೇಳುವ ಮೊದಲೇ ಅಮ್ಮನೇ ಹೇಳಿಬಿಡುತ್ತಿದ್ದಳು. ಅಜ್ಜಿ ತೀರಿಕೊಂಡ ಸುದ್ದಿ ನಮಗೆ ತಲುಪುವಾಗ ಅಲ್ಲಿ ಕರ್ಮಾಂತರಗಳೆಲ್ಲ ಮುಗಿದಿದ್ದವು. ಅಮ್ಮ ಒರತೆಗೆ ಹೋಗಿ ಸ್ನಾನ ಮಾಡಿ ಬಂದಳು. ಎಷ್ಟು ನೀರು ಸಿಕ್ಕಿತೋ ನನಗೆ ತಿಳಿಯದು.

ಈಗ ಅನ್ನಿಸುತ್ತದೆ, ಅಪ್ಪ ನಮಗೆ ತೋರಿಸಿದ್ದು ಬದುಕಿದ್ದನ್ನು ಮಾತ್ರ. ಒಗ್ಗದೆ ಹೋದ ಜೀವಗಳು ಆ ಬಂಡೆಗಳ ನಡುವೆ ಇರಲೇ ಇಲ್ಲ, ತೋರಿಸುವುದು ಹೇಗೆ? ಬದುಕಿದವೂ ಏನೇನು ಬಿಟ್ಟುಕೊಟ್ಟು ಬದುಕಿದವು ಎಂದು ಅವರು ಕೇಳಲಿಲ್ಲ. ಕಳ್ಳಿಗೆ ಎಲೆ ಇಲ್ಲ ಎಂಬುದು ಅವರ ಕಣ್ಣಿಗೆ ಜಾಣತನವಾಗಿ ಕಂಡಿತು. ಮರ ಮಳೆ ಬಿದ್ದ ಕೂಡಲೇ ಎಲೆ ಬಿಟ್ಟದ್ದನ್ನು ನೋಡಿ, ಹೆಂಗಸೂ ಹಾಗೆಯೇ ಚಿಗುರುತ್ತಾಳೆ ಎಂದು ನಂಬಿ ನಿಶ್ಚಿಂತರಾಗಿದ್ದರು. ಮರಕ್ಕೆ ಆ ಪಾಠ ಕಲಿಯಲು ಎಷ್ಟು ತಲೆಮಾರು ಹಿಡಿದಿತ್ತೋ. ಅಮ್ಮನಿಗೆ ಇದ್ದದ್ದು ಒಂದೇ ಜನ್ಮ, ಅದರಲ್ಲೂ ಅರ್ಧ ಆಗಲೇ ಹೊಳೆಯ ದಂಡೆಯಲ್ಲಿ ಕಳೆದಿತ್ತು.

ನನ್ನ ಮದುವೆ ನಿಶ್ಚಯವಾದ ವರ್ಷ ಅದಿರಿನ ಬೆಲೆ ಬಿದ್ದು ಕ್ಯಾಂಪು ಮುಚ್ಚಿತು. ಅಪ್ಪನಿಗೆ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ದಾರಿಯುದ್ದಕ್ಕೂ ಅವರು ನನಗಿಂತ ಹೆಚ್ಚು ಸಂಭ್ರಮದಲ್ಲಿದ್ದರು. “ನಾಳೆ ಮುಂಜಾನಿ ನಿಮ್ಮಮ್ಮನ್ನ ಹಿಡಿದು ನಿಲ್ಲಸೋದಕ್ಕ ಆಗಂಗಿಲ್ಲ ನೋಡು,” ಎಂದು ಗಾಡಿಯಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ಅವರು ಮಾತು ತಪ್ಪಿದ್ದರು ನಿಜ, ಆದರೆ ಮರೆತಿರಲಿಲ್ಲ. ಗದ್ದೆಗಳು ಶುರುವಾದವು, ಕಾಲುವೆ ಬಂತು, ಗಾಳಿಗೆ ತಂಪು ಬಂತು. ಅಮ್ಮ ಗಾಡಿಯ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದಳು. ಚಳಿ ಎಂದಳು.

ಮರುದಿನ ಬೆಳಿಗ್ಗೆ ಮಾವನ ಮನೆಯ ಹಿತ್ತಲ ಮೆಟ್ಟಿಲು ಇಳಿದೆವು. ಹೊಳೆ ತುಂಬಿತ್ತು. ನನಗೆ ಹದಿನೈದು ದಾಟಿತ್ತು; ಇನ್ನು ಗಂಡನ ಮನೆಗೆ ಹೋಗುವವಳು, ಬಂಡೆಯವರೆಗೆ ಹೋಗುವುದಿದ್ದರೆ ಅದೇ ಹೊತ್ತು. ಬಟ್ಟೆ ಒಗೆಯುತ್ತಿದ್ದವರಲ್ಲಿ ಅಮ್ಮನ ಬಾಲ್ಯದ ಗೆಳತಿಯೊಬ್ಬಳು ಗುರುತು ಹಿಡಿದು, “ಏ, ನಮ್ಮೂರ ಮೀನು ಬಂತು ನೋಡ್ರೆ,” ಎಂದು ಎಲ್ಲರಿಗೂ ಕೂಗಿ ಹೇಳಿದಳು. ಹೆಂಗಸರು ಕೈ ನಿಲ್ಲಿಸಿ ನೋಡಿದರು. ಅಮ್ಮ ಕೊನೆಯ ಮೆಟ್ಟಿಲಿನ ಮೇಲೆ ಕೂತಳು. ಚೊಂಬು ಅದ್ದಿದಳು. ಅದರ ನೀರಿನಲ್ಲೇ ಮುಖ, ಕೈ, ಕಾಲು, ಮೈ ಎಲ್ಲ ಒದ್ದೆ ಮಾಡಿಕೊಂಡಳು, ತಳದಲ್ಲಿ ಉಳಿದದ್ದನ್ನು ತಲೆಗೆ ಸುರಿದುಕೊಂಡಳು. ಎರಡನೆಯ ಸಲ ಅದ್ದಲಿಲ್ಲ.

ಗೆಳತಿ ನಗುತ್ತ ಅವಳ ಕೈ ಹಿಡಿದು ಎಳೆದಳು. ಅಮ್ಮ ಸೊಂಟದಷ್ಟು ನೀರಿನಲ್ಲಿ ಎರಡೂ ಕೈ ಮೇಲೆತ್ತಿಕೊಂಡು ನಿಂತಳು, ಗಡಗಡ ನಡುಗುತ್ತಿದ್ದಳು. ಹರಿಯುವ ನೀರನ್ನು ನೋಡುತ್ತಿದ್ದ ಆ ಕಣ್ಣುಗಳಲ್ಲಿ ನನಗೆ ಕಂಡದ್ದು ಹೆದರಿಕೆ. “ಅಮ್ಮಾ, ಆ ಬಂಡಿಗೆ ಹೋಗೋಣಲ್ಲ?” ಎಂದೆ. “ಯಾವ ಬಂಡಿ?” ಎಂದಳು. ಆಮೇಲೆ ನೆನಪು ಮಾಡಿಕೊಂಡು, “ಬ್ಯಾಡವ್ವಾ, ಭಾಳ ನೀರದ,” ಎಂದಳು. ಪಕ್ಕದಲ್ಲಿ ಒಬ್ಬಳು ಕೊಡ ತುಂಬಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಳು. ಅಮ್ಮ ಅವಳ ಕಡೆ ತಿರುಗಿ, ಸಣ್ಣ ದನಿಯಲ್ಲಿ, “ಚೆಲ್ಲಬ್ಯಾಡ್ರಿ,” ಎಂದಳು. ಎಲ್ಲರೂ ನಕ್ಕರು. ಹುಡುಗಾಟ ಮಾಡುತ್ತಿದ್ದಾಳೆ ಎಂದುಕೊಂಡರು.

ನಾನು ಈಜು ಕಲಿಯಲಿಲ್ಲ. ಅದರ ದುಃಖ ಸಣ್ಣದು. ಗುಡ್ಡ ನನ್ನ ಅಮ್ಮನನ್ನು ಸಾಯಿಸಲಿಲ್ಲ, ಅವಳು ಆಮೇಲೆ ಬಹಳ ವರ್ಷ ಬದುಕಿದಳು. ಆದರೆ ಆ ಬಂಡೆಯ ಮೇಲೆ ಕೂತು ನಕ್ಕವಳನ್ನು ನಾವು ಕರೆದುಕೊಂಡು ಬರಲಿಲ್ಲ. ಅವಳು ಎಲ್ಲಿ ಉಳಿದಳು, ಯಾವ ವರ್ಷ ಉಳಿದಳು ಎಂದು ಹುಡುಕಿಕೊಂಡು ಹೋಗಲೂ ದಾರಿಯಿಲ್ಲ.

ಅಪ್ಪ ಅಂದು ಸ್ನಾನಕ್ಕೆಂದು ಬಂದವರು ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದರು. ಎಲ್ಲ ನೋಡಿದ್ದರು. ಅಮ್ಮ ದಂಡೆಗೆ ಬಂದಾಗ ನಾಲ್ಕು ಮೆಟ್ಟಿಲು ಇಳಿದು ಬಂದು, “ನೀ ಇಷ್ಟು ಒಗ್ಗಬಾರದಿತ್ತು,” ಎಂದರು.

“ನೀವ ಹೇಳಿದ್ರಲ್ಲಾ,” ಎಂದಳು ಅಮ್ಮ. ಅದರಲ್ಲಿ ಚುಚ್ಚುವುದೇನೂ ಇರಲಿಲ್ಲ. ಅವಳ ಗಮನ ಬೇರೆ ಕಡೆ ಇತ್ತು. ಒದ್ದೆ ಸೆರಗನ್ನು ಹಿಂಡುತ್ತಿದ್ದಳು, ಹಿಂಡಿದ ನೀರು ಹೊಳೆಗೆ ಬೀಳದ ಹಾಗೆ ಕೆಳಗೆ ಚೊಂಬು ಹಿಡಿದಿದ್ದಳು. ಗಿಡಕ್ಕಾದರೂ ಆಗುತ್ತದೆ ಎಂದಳು. ಅಪ್ಪ ಅವಳ ಕೈಯಿಂದ ಆ ಚೊಂಬನ್ನು ತೆಗೆದುಕೊಂಡು, ಊರ ಹೆಂಗಸರೆಲ್ಲ ನೋಡುತ್ತಿರುವಾಗಲೇ, ಒಂದು ಹನಿಯೂ ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ಮನೆಯವರೆಗೆ ತಂದರು.